ದೋಣಿ ಬಿಡುವ ಕೆರೆಯ ಏರಿ: ನಾನು ನೋಡುವ ಕ್ರಮ

ಮಲೆನಾಡಿನ ಕಾಫಿ ತೋಟದ ಕೆರೆಗಳಲ್ಲಿ ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದಾಗ ನೀರು ಇಳಿದು, ಏರಿಯ ಒಳಮೈ ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಹೋಂಸ್ಟೇ, ಪೆಡಲ್ ದೋಣಿ, ಗಾಳದ ಮೀನು ಬಂದ ಮೇಲೆ ಕೆರೆ ವರ್ಷವಿಡೀ ತುಂಬಿರಬೇಕು ಅನ್ನುತ್ತಾರೆ. ಹಾಗಾಗಿ ಒಳಮೈಯನ್ನು ಯಾರೂ ನೋಡುವುದೇ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ ಮಾತ್ರ. ನಾಲ್ಕೈದು ಮೀಟರಿನ ತೋಟದ ಏರಿ ಅದರೊಳಗೆ ಬರುವುದಿಲ್ಲ. ಅದರ ಕೆಳಗೆ ಲೈನ್ ಮನೆಗಳಿದ್ದರೆ (ತೋಟದ ಕೆಲಸಗಾರರ ಸಾಲುಮನೆಗಳು) ಹೊಣೆ ಪೂರ್ತಿ ಮಾಲೀಕರದ್ದೇ.

ನಾನು ಮೊದಲು ಹೋಗಿ ನಿಲ್ಲುವುದು ಕೋಡಿಯ ಹತ್ತಿರ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ. ಮೀನು ಹೊರಗೆ ಹೋಗಬಾರದೆಂದು ಕೋಡಿಗೆ ಬಲೆ ಕಟ್ಟುವುದು ಇಂಥ ಕೆರೆಗಳಲ್ಲಿ ಸಾಮಾನ್ಯ. ಜೂನ್, ಜುಲೈ ಮಳೆಯಲ್ಲಿ ಸಿಲ್ವರ್ ಓಕ್ ಎಲೆ, ಕಸಕಡ್ಡಿ ಬಂದು ಕೂತರೆ ಆ ಬಲೆಯೇ ಗೋಡೆಯಾಗುತ್ತದೆ. ನೀರು ಏರಿಯ ಮೇಲೆ ಹರಿಯುತ್ತದೆ. ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಸಿರಿವಂತರ ಕ್ಲಬ್ಬೊಂದರ ಮೀನು, ದೋಣಿಯ ಕೆರೆಗೆ ಕಟ್ಟೆಯಾಗಿತ್ತು. ತೂಬಿನ (ಏರಿಯ ತಳದಿಂದ ನೀರು ಹೊರಬಿಡುವ ದಾರಿಯ) ಕೊಳವೆಗಳನ್ನು ಮೊದಲೇ ಕಿತ್ತು ಮಾರಲಾಗಿತ್ತು, ಬಂಡಿ ಓಡಾಡಲು ಏರಿಯ ತಲೆ ತಗ್ಗಿಸಲಾಗಿತ್ತು, ಕೋಡಿಗೆ ಮೀನಿನ ಜಾಲರಿ ಇತ್ತು. 1889ರ ಮೇ 31ರಂದು ಅದು ಒಡೆದು 2,200ಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಬಲೆ ಬೇಡವೇ ಬೇಡ ಎಂಬುದು ನನ್ನ ಮಾತು. ಹೋದ ಮೀನಿಗೆ ಬದಲು ಮರಿ ತಂದು ಬಿಡಬಹುದು.

ಆಮೇಲೆ ಏರಿಯ ತಲೆ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ, ನೀರು ತುಂಬಿದ ಲೆವೆಲ್ ಟ್ಯೂಬ್ ಸಾಕು. ಐದೈದು ಮೀಟರಿಗೆ ಗೂಟ ಹೊಡೆದು ಮಟ್ಟ ಹಿಡಿಯುತ್ತೇನೆ. ಎಲ್ಲಕ್ಕಿಂತ ತಗ್ಗಾದ ಜಾಗವೂ ಕೋಡಿಯ ಹೊಸ್ತಿಲಿಗಿಂತ ಕನಿಷ್ಠ 1 ಮೀಟರ್ ಮೇಲಿರಬೇಕು. ಜನ ಏರಿಯನ್ನು ಅಡ್ಡ ದಾಟುವ ಕಾಲುದಾರಿಯಲ್ಲಿ ಮತ್ತು ತೂಬಿನ ಪೈಪಿನ ನೇರಕ್ಕೆ ಕುಸಿತ ಜಾಸ್ತಿ. ಬಿರುಕು ಕಂಡರೆ ಅಗೆಯುವ ಮೊದಲು ತೆಳು ಸುಣ್ಣದ ನೀರು ಹುಯ್ಯುತ್ತೇನೆ. ಅಗೆದಾಗ ಬಿಳಿ ಗೆರೆ ಎಲ್ಲಿಗೆ ನಿಲ್ಲುತ್ತದೋ ಬಿರುಕು ಅಲ್ಲಿಯವರೆಗೆ ಇದೆ. ಉದ್ದಕ್ಕೆ ಬಿಟ್ಟ ಬಿರುಕು ಜಾರುವಿಕೆಯ ಸೂಚನೆಯಾದರೆ, ಕೆರೆಯಿಂದ ಹೊರಮೈಗೆ ಅಡ್ಡಲಾಗಿ ಬಿಟ್ಟದ್ದು ನೀರಿಗೆ ನೇರ ದಾರಿ. ಎರಡನೆಯದನ್ನು ಮಳೆಗಾಲದವರೆಗೆ ಬಿಡಬಾರದು.

ಸೋರಿಕೆ ನೋಡಲು ಅಕ್ಟೋಬರ್ ಕೊನೆ ಒಳ್ಳೆಯದು: ಕೆರೆ ತುಂಬಿರುತ್ತದೆ, ಮಳೆ ಬಿಟ್ಟು ನಾಲ್ಕು ದಿನವಾದರೆ ಮೇಲಿನ ನೀರಿನ ಗೊಂದಲ ಇರುವುದಿಲ್ಲ. ಹುಲ್ಲು ಸವರಿಸಿ ಏರಿಯ ಬುಡದಗುಂಟ ನಡೆಯಬೇಕು. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ತಪ್ಪಲ್ಲ. ಎಷ್ಟು ಜಿನುಗುತ್ತದೆ, ಮಣ್ಣು ತರುತ್ತದೆಯೇ ಎಂಬುದು ಮುಖ್ಯ. ಜಿನುಗನ್ನೆಲ್ಲ ಒಂದು ಚರಂಡಿಗೆ ಕೂಡಿಸಿ, 90 ಡಿಗ್ರಿ 'ವಿ' ಆಕಾರಕ್ಕೆ ಕತ್ತರಿಸಿದ ತಗಡನ್ನು ಅಡ್ಡ ನಿಲ್ಲಿಸುತ್ತೇನೆ. ತಗಡಿಗಿಂತ ಸ್ವಲ್ಪ ಹಿಂದೆ ಅಳೆದಾಗ 'ವಿ'ಯ ತಳದಿಂದ ನೀರು 5 ಸೆಂ.ಮೀ. ಮೇಲಿದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 10 ಸೆಂ.ಮೀ. ಇದ್ದರೆ ಸುಮಾರು 4.4 ಲೀಟರ್. ಪ್ರತಿ ಸಲವೂ ಕೆರೆಯ ಮಟ್ಟವನ್ನು ಜೊತೆಯಲ್ಲೇ ಬರೆದಿಡಬೇಕು. ಕೆರೆಯ ಮಟ್ಟ ಅಷ್ಟೇ ಇದ್ದು ಜಿನುಗು ಹೆಚ್ಚಿದರೆ ಒಳಗೆ ದಾರಿ ಅಗಲವಾಗುತ್ತಿದೆ ಎಂದರ್ಥ. ಅದೇ ನೀರನ್ನು ಗಾಜಿನ ಜಾಡಿಯಲ್ಲಿ ಒಂದು ಗಂಟೆ ಅಲುಗಾಡದಂತೆ ಇಟ್ಟು ತಳ ನೋಡಿ; ಮಣ್ಣು ಕೂತಿದ್ದರೆ ಅದು ಏರಿಯ ಅಥವಾ ಅದರ ಬುಡದ ಮಣ್ಣಿರಬಹುದು.

ಇಲ್ಲಿ ಎಲ್ಲರಿಗೂ ಬರುವ ಮೊದಲ ಯೋಚನೆ ಹೊರಗಿನಿಂದ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚುವುದು. ಅದು ಅಪಾಯ. ನೀರು ಒಳಗೇ ಕಟ್ಟಿಕೊಂಡು ಮೈ ಮೆತ್ತಗಾಗಿ ಜಾರುತ್ತದೆ, ಇಲ್ಲವೇ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ನೀರು ಬರಲಿ, ಮಣ್ಣು ನಿಲ್ಲಲಿ. ಅದಕ್ಕೆ ಶುದ್ಧ ಒರಟು ಮರಳು 20 ಸೆಂ.ಮೀ., ಅದರ ಮೇಲೆ 12 ಎಂಎಂ ಜಲ್ಲಿ, ಆಮೇಲೆ 40 ಎಂಎಂ ಜಲ್ಲಿ, ಕೊನೆಗೆ ಭಾರಕ್ಕೆ ಕಾಡುಗಲ್ಲು. ಮರಳು ಬಿಟ್ಟು ಬರೀ ಜಲ್ಲಿ ಸುರಿದರೆ ಮಣ್ಣು ಸಂದಿಯಲ್ಲಿ ಹಾದುಹೋಗುತ್ತದೆ.

ತೂಬಿನ ಪೈಪಿನ ಸುತ್ತ ಒದ್ದೆ ಕಂಡರೆ ಇನ್ನೂ ಎಚ್ಚರ. ವಾಲ್ವ್ ಹೊರಬದಿಯಲ್ಲಿ ಮಾತ್ರ ಇದ್ದರೆ ಏರಿಯೊಳಗಿನ ಪೈಪು ಸದಾ ಒತ್ತಡದಲ್ಲಿರುತ್ತದೆ. ಒಂದು ಜಾಯಿಂಟ್ ಬಿಟ್ಟರೂ ಸುತ್ತಲಿನ ಮಣ್ಣು ಕೊಚ್ಚಿಹೋಗುತ್ತದೆ. ವಾಲ್ವ್ ಕೆರೆಯ ಬದಿಗೆ ಬರಬೇಕು.

ಏಡಿ, ಹೆಗ್ಗಣದ ಬಿಲಕ್ಕೆ ಒಂಬತ್ತು ಪಾಲು ಮಣ್ಣು, ಒಂದು ಪಾಲು ಸಿಮೆಂಟ್ ನೀರಿನಲ್ಲಿ ಕಲಸಿ, ಬಾಯಿಗೆ ನಿಲ್ಲಿಸಿದ ಪೈಪಿನಿಂದ ತುಂಬುವವರೆಗೆ ಹುಯ್ಯುತ್ತೇನೆ. ನೆರಳಿಗೆಂದು ಏರಿಯ ಮೇಲೆ ಮರ ನೆಡಬಾರದು. ಬೆಳೆದ ಮರವನ್ನು ಕಡಿದು ಬುಡ ಬಿಟ್ಟರೆ ಬೇರು ಕೊಳೆತು ಕೊಳವೆಯಾಗುತ್ತದೆ. ನೀರು ಇಳಿಸಿಕೊಂಡೇ ಬೇರು ಕೀಳಬೇಕು, ಗುಂಡಿಯನ್ನು 15 ಸೆಂ.ಮೀ. ಪದರಗಳಲ್ಲಿ ದಮ್ಮಸ್ಸು ಮಾಡಿ ತುಂಬಬೇಕು.

ಎರಡು ವರ್ಷಕ್ಕೊಮ್ಮೆಯಾದರೂ ಮಾರ್ಚಿನಲ್ಲಿ ದೋಣಿ ನಿಲ್ಲಿಸಿ ನೀರು ಇಳಿಸಿ, ಒಳಮೈಯ ಕಲ್ಲುಹೊದಿಕೆ ನೋಡಲೇಬೇಕು. ದಿನಕ್ಕೆ 30 ಸೆಂ.ಮೀ.ಗಿಂತ ಹೆಚ್ಚು ಬೇಡ. ಬೇಗ ಇಳಿಸಿದರೆ ಮಣ್ಣಿನೊಳಗಿನ ನೀರು ಹಿಂದುಳಿದು, ಎದುರು ಒತ್ತಡವಿಲ್ಲದೆ ಒಳಮೈ ಕುಸಿಯುತ್ತದೆ.

ಮಳೆಗಾಲದಲ್ಲಿ ಬುಡದಿಂದ ಕೆಂಪು ನೀರು ಬರತೊಡಗಿದರೆ ಅಥವಾ ಕೆರೆಯಲ್ಲಿ ಸುಳಿ ಕಂಡರೆ ಮೊದಲು ಲೈನ್ ಮನೆ ಖಾಲಿ ಮಾಡಿಸಿ, ತಹಶೀಲ್ದಾರ್ ಕಚೇರಿಗೂ ಅಗ್ನಿಶಾಮಕ ಠಾಣೆಗೂ ಫೋನ್ ಮಾಡಿ. ನಂತರ ತೂಬು ಪೂರ್ತಿ ತೆರೆದು, ಏರಿಯ ಮೇಲಿಂದ ಎಚ್‌ಡಿಪಿಇ ಪೈಪಿನ ಸೈಫನ್ ಹಾಕಿ (ನೀರು ತುಂಬಿದ ಪೈಪು ಏರಿ ಹತ್ತಿ ಇಳಿದು, ಪಂಪಿಲ್ಲದೆ ತಾನೇ ಕೆರೆಯ ನೀರನ್ನು ಎಳೆಯುತ್ತದೆ). ನೀರಿನ ಮಟ್ಟದಿಂದ ಪೈಪಿನ ನೆತ್ತಿಗೆ 5 ಮೀಟರ್ ಮೀರದಂತೆ ನೋಡಿಕೊಳ್ಳಿ; ಎತ್ತರ ಹೆಚ್ಚಿದಷ್ಟೂ ಸೈಫನ್ ಹಿಡಿಯುವುದು ಕಷ್ಟ. ಆ ಪೈಪು, ಅದರ ಬಾಯಿಗೆ ನೀರು ಹಿಂದೆ ಹೋಗದಂತೆ ತಡೆಯುವ ಫುಟ್ ವಾಲ್ವ್, ಒಂದು ಲೋಡ್ ಮರಳು ಮೇ ತಿಂಗಳಲ್ಲೇ ಏರಿಯ ಪಕ್ಕ ಬಂದಿರಬೇಕು.