ಹಗುರ ಕ್ಯಾಂಪರ್ ಟ್ರೇಲರ್ ಕಟ್ಟುವವರಿಗೆ

ಗೆಳೆಯರೇ, ಕಲಬುರಗಿಯ ಬಿಸಿಲಿಗೆ ಕ್ಯಾಂಪರ್ ಟ್ರೇಲರನ್ನು, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮಲಗುವ ಮನೆಯನ್ನು, ಬರೀ ತಗಡಿನ ಡಬ್ಬಿಯಾಗಿ ಕಟ್ಟಲೇಬೇಡಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೆ ಒಳಗೆ ಕೂರಲಾಗದು. ಎರಡು ತೆಳು ಪ್ಲೈವುಡ್ ಹಾಳೆಗಳ ನಡುವೆ ಒಂದಿಂಚು ಥರ್ಮಾಕೋಲ್ ಇಟ್ಟು ಅಂಟಿಸಿ. ಗೋಡೆ ಹಗುರವೂ ಹೌದು, ಗಟ್ಟಿಯೂ ಹೌದು. ಅಂಟು ಮಾತ್ರ ಬಡಗಿಗಳು ಬಳಸುವ ಬಿಳಿ ಅಂಟೇ ಆಗಿರಲಿ. ಚಪ್ಪಲಿಗೆ ಹಚ್ಚುವ ಹಳದಿ ರಬ್ಬರ್ ಅಂಟು ಥರ್ಮಾಕೋಲನ್ನೇ ಕರಗಿಸಿ ಗುಳಿ ಬೀಳಿಸುತ್ತದೆ; ಒಂದು ಚೂರಿನ ಮೇಲೆ ಹಚ್ಚಿ ನೋಡಿ. ಹೊರಗೆ ಬಿಳಿ ಬಣ್ಣ ಬಳಿಯಿರಿ.

ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಆದ್ದರಿಂದ ನೀರಿನ ಕ್ಯಾನುಗಳನ್ನು ಚಕ್ರಗಳ ಅಚ್ಚಿನ ಮುಂದೆಯೇ ಇಡಿ. ಹಿಂದೆ ಭಾರವಾದರೆ ಹುಮನಾಬಾದ್ ಹೆದ್ದಾರಿಯಲ್ಲಿ ವೇಗ ಏರಿದಂತೆ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ, ಇದು ಪ್ರಾಣಕ್ಕೇ ಅಪಾಯ.

ವೆಲ್ಡಿಂಗ್ ಶುರುಮಾಡುವ ಮೊದಲೇ ನೋಂದಣಿಯ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಕಾನೂನಿನ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ.