ಬೆರಕೆ ತೆನೆ ಎಣಿಸಿದ ಆ ಹಂಗಾಮು: ಒಂದು ರೈತ ತಳಿಯ ನೋಂದಣಿಯ ಅನುಭವ

1990ರ ದಶಕದ ಆರಂಭದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರೈತ ಸಂಘವು ಡಂಕೆಲ್ ಪ್ರಸ್ತಾವದ (ಗ್ಯಾಟ್ ಎಂಬ ಜಾಗತಿಕ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ಸಿದ್ಧವಾದ ಕರಡಿನ) ವಿರುದ್ಧ ಚಳವಳಿ ನಡೆಸುತ್ತಿದ್ದಾಗ ನಾನು ಕಾನೂನು ವಿದ್ಯಾರ್ಥಿಯಾಗಿದ್ದೆ. ಎಲ್ಲರೊಂದಿಗೆ ನಾನೂ ಘೋಷಣೆ ಕೂಗಿದ್ದೆ, ಆದರೆ ಆ ಕರಡಿನ ಒಂದು ಪುಟವನ್ನೂ ಓದಿರಲಿಲ್ಲ. ಓದಬೇಕಾಗಿ ಬಂದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ. ಸೊರಬ ತಾಲ್ಲೂಕಿನಲ್ಲಿ ವರದಾ ನದಿಯ ದಂಡೆಯ ನೆರೆಗದ್ದೆಗಳಲ್ಲಿ ಒಂದು ಕೆಂಪಕ್ಕಿ ಭತ್ತವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದ ರೈತ ಮಹಿಳೆಯೊಬ್ಬರು ನನ್ನ ಕಚೇರಿಗೆ ಬಂದು, "ಈ ಬೀಜವನ್ನು ನಾಳೆ ಬೇರೆ ಯಾರಾದರೂ ತಮ್ಮ ಹೆಸರಿಗೆ ಮಾಡಿಕೊಂಡರೆ ನಮ್ಮ ಗತಿಯೇನು?" ಎಂದು ಕೇಳಿದ್ದರು.

ಉತ್ತರ ಹುಡುಕುತ್ತಾ ಹೋದವನು ಆ ಕರಡಿನಿಂದಲೇ ಮುಂದೆ ರೂಪುಗೊಂಡ ಟ್ರಿಪ್ಸ್, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದದ 27.3(ಬಿ) ಕಲಮಿನ ಮುಂದೆ ನಿಂತೆ. ನಮ್ಮ ಕನ್ನಡ ಕಾನೂನು ಪಠ್ಯಗಳನ್ನು ಓದಿ ಅಭ್ಯಾಸವಿರುವವರಿಗೆ ಗೊತ್ತು, ಒಂದು ವಾಕ್ಯ 'ತಕ್ಕದ್ದು' ಎಂದು ಮುಗಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, 'ಬಹುದು' ಎಂದು ಮುಗಿದರೆ ಉಸಿರಾಡಲು ಜಾಗವಿದೆ. ಈ ಒಂದೇ ಕಲಮಿನಲ್ಲಿ ಎರಡೂ ಇವೆ. ಸಸ್ಯಗಳನ್ನು ಪೇಟೆಂಟಿನಿಂದ ಹೊರಗಿಡಬಹುದು. ಆದರೆ ಸಸ್ಯ ತಳಿಗಳಿಗೆ ಪೇಟೆಂಟಿನ ಮೂಲಕವೋ, ಪರಿಣಾಮಕಾರಿಯಾದ ಸ್ವಂತ ವಿಶೇಷ ವ್ಯವಸ್ಥೆಯ ಮೂಲಕವೋ, ಎರಡನ್ನೂ ಸೇರಿಸಿಯೋ ರಕ್ಷಣೆ ಒದಗಿಸತಕ್ಕದ್ದು. 'ಪರಿಣಾಮಕಾರಿ' ಎಂದರೇನೆಂದು ಒಪ್ಪಂದ ಎಲ್ಲಿಯೂ ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಜಾಗದಲ್ಲೇ ಭಾರತವು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವನ್ನು ಕಟ್ಟಿತು ಮತ್ತು ಕಂಪನಿಯ ತಳಿತಜ್ಞನ ಪಕ್ಕದಲ್ಲಿಯೇ ರೈತನನ್ನೂ ಹಕ್ಕುದಾರನನ್ನಾಗಿ ಕೂರಿಸಿತು. ಚಳವಳಿಯ ದಿನಗಳಲ್ಲಿ ನಾವು ಕೇಳಿದ್ದೆಲ್ಲವೂ ಅದರಲ್ಲಿ ಇಲ್ಲ, ಆದರೆ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಇದೆ.

ಆ ಕಾಯಿದೆಯಡಿ ಅವರ ಭತ್ತವನ್ನು ರೈತ ತಳಿಯಾಗಿ ನೋಂದಾಯಿಸಲು ಹೊರಟಾಗ, ಅರ್ಜಿ ಯಾರ ಹೆಸರಿನಲ್ಲಿ ಎಂಬುದು ಮೊದಲ ತೊಡಕಾಯಿತು. ಬೀಜ ಅವರ ಮನೆಯ ಕಣಜದಲ್ಲಿತ್ತು ನಿಜ, ಆದರೆ ಇನ್ನೂ ಆರೇಳು ಮನೆಗಳಲ್ಲಿಯೂ ಇತ್ತು. ಕಾಯಿದೆಯು ಒಬ್ಬ ರೈತನಿಗೂ, ರೈತರ ಗುಂಪಿಗೂ, ಸಮುದಾಯಕ್ಕೂ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ ಗುಂಪಿನ ಹೆಸರನ್ನೇ ಆರಿಸಿಕೊಂಡೆವು. ರೈತರಿಗೆ ನೋಂದಣಿ ಶುಲ್ಕವಿಲ್ಲ. ದೃಢೀಕರಣ ಮಾತ್ರ ಬೇಕು. ಅದನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕೊಡಬಹುದೆಂದು ತಿಳಿದು ಹೋದರೆ, ಸಮಿತಿಯು ಕಡತದಲ್ಲಿತ್ತೇ ಹೊರತು ಅದರ ಸದಸ್ಯರಾದ ಇಬ್ಬರಿಗೆ ತಾವು ಸದಸ್ಯರೆಂಬುದೇ ಗೊತ್ತಿರಲಿಲ್ಲ. ಕೊನೆಗೆ ಇನ್ನೊಂದು ದಾರಿ ಹಿಡಿದು ಜಿಲ್ಲಾ ಕೃಷಿ ಅಧಿಕಾರಿಯ ಸಹಿ ಪಡೆದೆವು. ಇದರಲ್ಲಿಯೇ ಒಂದು ಮಳೆಗಾಲ ಕಳೆಯಿತು.

ನಿಜವಾದ ಕೆಲಸ ನಡೆದದ್ದು ಗದ್ದೆಯಲ್ಲಿ. ತಳಿಯು ಉಳಿದವುಗಳಿಗಿಂತ ಭಿನ್ನವಾಗಿರಬೇಕು, ತನ್ನೊಳಗೆ ಏಕರೂಪವಾಗಿರಬೇಕು, ತಲೆಮಾರಿನಿಂದ ತಲೆಮಾರಿಗೆ ಸ್ಥಿರವಾಗಿರಬೇಕು. ರೈತ ತಳಿಗೆ ಹೊಸತನದ ಷರತ್ತು ಮಾತ್ರ ಇಲ್ಲ. ನಮೂನೆಯು ಬುಡದ ಎಲೆಕವಚದ ಬಣ್ಣ, ಎಲೆಯು ಕಾಂಡವನ್ನು ಕೂಡುವಲ್ಲಿನ ತೆಳುಪೊರೆಯ ಆಕಾರ, ತೆನೆ ಹೊರಡುವ ದಿನ, ಕಾಳಿನ ಮೀಸೆ (ತುದಿಯ ಕೂದಲಿನಂತಹ ಎಳೆ) ಎಂದು ಒಂದೊಂದಾಗಿ ಕೇಳುತ್ತದೆ. ನಾನು ಕಾಗದ ಹಿಡಿದು ಬದುವಿನ ಮೇಲೆ ಓದುತ್ತಿದ್ದೆ, ಅವರು ಕೆಸರಿಗಿಳಿದು ಗಿಡ ಬಗ್ಗಿಸಿ ತೋರಿಸುತ್ತಿದ್ದರು. ಮೀಸೆಯ ಬಗ್ಗೆ ಕೇಳಿದಾಗ, "ಮೀಸೆ ಇದೆ, ಆದರೆ ಎಲ್ಲಕ್ಕೂ ಇಲ್ಲ" ಎಂದರು. ನನಗೆ ಆಗಲೇ ಎದೆ ಧಸಕ್ಕೆಂದಿತು. ಏಕರೂಪತೆಯ ಪರೀಕ್ಷೆಯಲ್ಲಿ ಸೋಲುವುದು ಇಂತಹ ಕಡೆಯೇ. ಈ ಕಾಯಿದೆಯಡಿ ನೋಂದಣಿ ಮಾಡುವ ಪ್ರಾಧಿಕಾರದ ನಿಯಮವು ರೈತ ತಳಿಗಳಿಗೆ ಉಳಿದ ತಳಿಗಳ ಎರಡರಷ್ಟು ಬೆರಕೆ ಗಿಡಗಳವರೆಗೆ, ಅಂದರೆ ತಳಿಯ ಲಕ್ಷಣಕ್ಕೆ ಹೊಂದದ ಗಿಡಗಳವರೆಗೆ, ರಿಯಾಯಿತಿ ಕೊಡುತ್ತದೆ. ಆ ರಿಯಾಯಿತಿಯ ಒಳಗೆ ಬರಲು ಅವರು ಒಂದು ಇಡೀ ಹಂಗಾಮು ತೆನೆ ತೆನೆ ನೋಡಿ, ಮೀಸೆಯಿಲ್ಲದ್ದನ್ನು ಬೇರೆ ಮಾಡಿ, ಉಳಿದದ್ದನ್ನು ಕಟ್ಟಿಟ್ಟರು. ಬೇರೆ ಮಾಡಿದ್ದನ್ನು ಎಸೆಯಲಿಲ್ಲ. ನೆರೆ ಹೆಚ್ಚು ದಿನ ನಿಂತ ವರ್ಷ ಅದೇ ಬದುಕಿದ್ದನ್ನು ನೋಡಿದ್ದಾರಂತೆ. ಏಕರೂಪತೆಯನ್ನೇ ಗುಣವೆಂದು ಎಣಿಸುವ ಈ ಅಳತೆಗೋಲು ಕಂಪನಿಯ ಬೀಜಕ್ಕೆಂದು ರೂಪುಗೊಂಡದ್ದು, ರೈತನ ಬೀಜವು ಅದರಲ್ಲಿ ಮೈ ಹಿಡಿಮಾಡಿಕೊಂಡು ನಿಲ್ಲಬೇಕಾಗಿದೆ ಎಂದು ಆ ದಿನ ನನಗೆ ಅನ್ನಿಸಿತು.

ಅರ್ಜಿಯ ವಿವರ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಮೂರು ತಿಂಗಳ ಕಾಲಾವಕಾಶವಿತ್ತು. ಯಾರೂ ಆಕ್ಷೇಪಿಸಲಿಲ್ಲ. ಭತ್ತಕ್ಕೆ ಪ್ರಮಾಣಪತ್ರವು ಮೊದಲು 6 ವರ್ಷಗಳಿಗೆ ಸಿಗುತ್ತದೆ, ನವೀಕರಿಸಿದರೆ ಒಟ್ಟು 15 ವರ್ಷಗಳವರೆಗೆ ನಡೆಯುತ್ತದೆ.

ಈಗ ನಾನು ಹೊಸ ವ್ಯಾಪಾರ ಒಪ್ಪಂದಗಳ ಸುದ್ದಿ ಬಂದಾಗಲೆಲ್ಲ ಸುಂಕದ ಪಟ್ಟಿಗಿಂತ ಮೊದಲು ಬೌದ್ಧಿಕ ಸ್ವತ್ತಿನ ಅಧ್ಯಾಯವನ್ನು ತೆರೆಯುತ್ತೇನೆ. ನಾನು ಹುಡುಕುವುದು ಯುಪೋವ್ 1991 ಎಂಬ ಹೆಸರನ್ನು, ಹೊಸ ಸಸ್ಯ ತಳಿಗಳ ಮೇಲೆ ತಳಿತಜ್ಞರಿಗೆ ಹಕ್ಕು ಕೊಡುವ ಅಂತರರಾಷ್ಟ್ರೀಯ ಒಡಂಬಡಿಕೆಯದು. ಪೆಸಿಫಿಕ್ ದೇಶಗಳ ಸಿಪಿಟಿಪಿಪಿ ಒಪ್ಪಂದದ 18.7ನೇ ಕಲಮಿನಲ್ಲಿ ಅದು ಇದೆ: ಸದಸ್ಯ ದೇಶಗಳು ಆ ಒಡಂಬಡಿಕೆಗೆ ಸೇರತಕ್ಕದ್ದು. ಟ್ರಿಪ್ಸ್ ಖಾಲಿ ಬಿಟ್ಟ ಜಾಗವನ್ನು ಇಂತಹ ಒಂದು ಸಾಲು ಮುಚ್ಚಿಬಿಡುತ್ತದೆ. ಯುಪೋವ್ 1991ರ ಪ್ರಕಾರ ರಕ್ಷಿತ ತಳಿಯ ಬೀಜವನ್ನು ರೈತ ತನ್ನ ಹೊಲಕ್ಕಾಗಿ ಉಳಿಸಿಕೊಳ್ಳುವುದು ಕೂಡ ಆಯಾ ದೇಶ ಬೇಕಿದ್ದರೆ ಕೊಡಬಹುದಾದ, ಮಿತಿಗೊಳಪಟ್ಟ ವಿನಾಯಿತಿ. ಬೇರೆಯವರಿಗೆ ಮಾರುವುದು ಅದರಲ್ಲಿ ಸೇರುವುದಿಲ್ಲ. ಭಾರತವು ಯುಪೋವ್ ಸದಸ್ಯನಲ್ಲ, ಮತ್ತು ನಮ್ಮ ಕಾಯಿದೆಯ 39ನೇ ಪ್ರಕರಣವು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತನಿಗೇ ಬಿಟ್ಟಿದೆ.

ಪ್ರಮಾಣಪತ್ರ ಕೈಸೇರಿದ ವರ್ಷ ಹಾನಗಲ್ಲಿನ ಅವರ ನೆಂಟರೊಬ್ಬರು ಆ ಭತ್ತದ ಬೀಜಕ್ಕಾಗಿ ಬಂದಿದ್ದರು. ಬೆಳೆದ ಮೇಲೆ ತಾನು ಊರಿನವರಿಗೆ ಬೀಜ ಮಾರಬಹುದೇ ಎಂದು ಆತ ನನ್ನನ್ನು ಕೇಳಿದರು. ಮಾರಬಹುದು, ಆದರೆ ಚೀಲದ ಮೇಲೆ ತಳಿಯ ಹೆಸರಿನ ಚೀಟಿ ಅಂಟಿಸಿ ಮಾರಬಾರದು ಎಂದೆ. ಅವರು ಚೀಲದ ಬಾಯನ್ನು ಬಾಳೆಪಟ್ಟೆಯಿಂದ ಕಟ್ಟಿ, ಸಂಜೆಯ ಬಸ್ಸಿಗೆ ಹೊರಟರು.