ಅಂಡರ್‌ಕ್ವಿಲ್ಟ್ ಹಗ್ಗ ಹೊಂದಿಸುವುದು: ಬೆನ್ನಿಗೆ ಚಳಿ ಹೊಡೆಯದಂತೆ

ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ, ಅಂದರೆ ಹ್ಯಾಮಕ್‌ನಲ್ಲಿ ಚಳಿ ಹೊಡೆಯುವುದು ಕೆಳಗಿನಿಂದ. ಸ್ಲೀಪಿಂಗ್ ಬ್ಯಾಗ್‌ನ ತುಪ್ಪುಳು ಮೈಭಾರಕ್ಕೆ ಅಪ್ಪಚ್ಚಿಯಾಗಿ, ಒಳಗಿನ ಗಾಳಿ ಹೋದ ಮೇಲೆ ಶಾಖ ನಿಲ್ಲುವುದಿಲ್ಲ. ತುಪ್ಪುಳು ತುಂಬಿದ ಹೊದಿಕೆಯಾದ ಅಂಡರ್‌ಕ್ವಿಲ್ಟನ್ನು ಹ್ಯಾಮಕ್ ಬಟ್ಟೆಯ ಹೊರಗೆ, ಕೆಳಗಡೆ ತೂಗುಹಾಕುವುದು ಅದಕ್ಕೇ. ಅದು ಹ್ಯಾಮಕ್ ಬಟ್ಟೆಗೆ ತಾಗಿರಬೇಕು, ಒತ್ತಿಕೊಂಡಿರಬಾರದು.

ಮೊದಲು ಹ್ಯಾಮಕ್ಕನ್ನೇ ಸರಿಯಾಗಿ ಕಟ್ಟಿ. ಮರಕ್ಕೆ ಹೋಗುವ ಪಟ್ಟಿ ನೆಲಮಟ್ಟಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ; ರಿಡ್ಜ್‌ಲೈನ್ (ಹ್ಯಾಮಕ್‌ನ ಎರಡು ತುದಿಗಳ ನಡುವೆ ಮೇಲೆ ಕಟ್ಟುವ ಹಗ್ಗ) ಇದ್ದರೆ ಅದು ಹ್ಯಾಮಕ್ ಉದ್ದದ ಸುಮಾರು 83% ಇರಲಿ. ಕಾಲಿನ ತುದಿಯನ್ನು ತಲೆಯ ತುದಿಗಿಂತ 15–20 ಸೆಂ.ಮೀ. ಎತ್ತರಕ್ಕೆ ಕಟ್ಟಿದರೆ ಮೈ ಕೆಳಕ್ಕೆ ಜಾರುವುದಿಲ್ಲ. ಇದನ್ನು ಆಮೇಲೆ ಬದಲಿಸಿದರೆ ಕ್ವಿಲ್ಟ್ ಹೊಂದಿಸಿದ್ದೆಲ್ಲ ವ್ಯರ್ಥ.

ಕ್ವಿಲ್ಟ್‌ನ ಉದ್ದುದ್ದದ ಎರಡು ಅಂಚುಗಳಿಂದ ಬರುವ ಎಲಾಸ್ಟಿಕ್ ಹಗ್ಗದ ಕುಣಿಕೆಗಳನ್ನು ಹ್ಯಾಮಕ್‌ನ ಎರಡೂ ತುದಿಗೆ ಸಿಕ್ಕಿಸಿ. ಮುಕ್ಕಾಲು ಉದ್ದದ ಕ್ವಿಲ್ಟ್ ಆದರೆ ಮೇಲಂಚು ಭುಜಕ್ಕೆ ಬರಲಿ; ಅದು ಮುಗಿದಲ್ಲಿಂದ ಕಾಲಿನ ಕೆಳಗೆ ಫೋಮ್ ಚಾಪೆಯ ತುಂಡು ಬೇಕು. ತುದಿಗಳ ಸುರುಕಿನ ದಾರವನ್ನು ಈಗಲೇ ಮುಟ್ಟಬೇಡಿ, ಪೂರ್ತಿ ಸಡಿಲವಾಗಿರಲಿ.

ಈಗ ಹತ್ತಿ, ರಾತ್ರಿ ಮಲಗುವ ಹಾಗೇ ಓರೆಯಾಗಿ ಮಲಗಿ. ಹತ್ತುವಾಗ ಕ್ವಿಲ್ಟ್ ಒಂದು ಕಡೆಗೆ ಸರಿದಿರುತ್ತದೆ. ಎರಡೂ ಅಂಚುಗಳನ್ನು ಕೈಯಿಂದ ಎಳೆದುಕೊಂಡು ಭುಜ ಮತ್ತು (ಪೂರ್ತಿ ಉದ್ದದ ಕ್ವಿಲ್ಟ್ ಆದರೆ) ಪಾದ ಒಳಗೆ ಬರುವಂತೆ ಮಾಡಿಕೊಳ್ಳಿ. ಆಮೇಲೆ ಬದಿಯಿಂದ ಕೈ ಇಳಿಬಿಟ್ಟು ಸೊಂಟದ ಕೆಳಗೆ, ಬಟ್ಟೆಗೂ ಕ್ವಿಲ್ಟಿಗೂ ನಡುವೆ ತೂರಿಸಿ. ಕೈ ಸಲೀಸಾಗಿ ಓಡಾಡಿದರೆ ಸಡಿಲ. ಜೊತೆಗೆ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು: ಕೆಳಗಿನಿಂದ ಕ್ವಿಲ್ಟನ್ನು ಮೆಲ್ಲಗೆ ಎತ್ತಿ ಹಿಡಿಯಲಿ. ಎತ್ತಿದ ಕಡೆ ತಕ್ಷಣ ಬೆಚ್ಚಗಾದರೆ ಅಲ್ಲಿ ಸಂದು ಇದೆ ಅಂತಲೇ ಅರ್ಥ.

ಚಳಿ ಅಂದ ಕೂಡಲೇ ಎಲ್ಲರೂ ಹಗ್ಗ ಬಿಗಿಯುತ್ತಾರೆ. ಬಿಗಿ ಹೆಚ್ಚಾದರೂ ತುಪ್ಪುಳು ಅಪ್ಪಚ್ಚಿಯಾಗಿ ಅದೇ ಚಳಿ! ಮೈಗೆ ಎರಡೂ ಒಂದೇ ಥರ ಅನಿಸುವುದರಿಂದ ಊಹೆಯ ಮೇಲೆ ಬಿಗಿಯಬೇಡಿ, ನೋಡಿ ಬಿಗಿಯಿರಿ. ಸೊಂಟದ ಕೆಳಗೆ ಕ್ವಿಲ್ಟ್‌ನ ಕೋಶಗಳು ಉಬ್ಬದೆ ಚಪ್ಪಟೆಯಾಗಿ ಕಂಡರೆ ಸಡಿಲಿಸಿ. ಕಾರ್ಡ್‌ಲಾಕ್ (ಹಗ್ಗವನ್ನು ಬಿಗಿಯಾಗಿ ಹಿಡಿದಿಡುವ ಕ್ಲಿಪ್) ಸರಿಸುವುದು ಒಂದು ಸಲಕ್ಕೆ 2–3 ಸೆಂ.ಮೀ. ಮಾತ್ರ, ತಲೆ ಕಡೆಗೂ ಕಾಲಿನ ಕಡೆಗೂ ಸಮನಾಗಿ. ಒಂದೇ ಕಡೆ ಎಳೆದರೆ ಕ್ವಿಲ್ಟ್ ಆ ತುದಿಗೆ ಜಾರುತ್ತದೆ. ಪ್ರತಿ ಸಲ ಐದಾರು ನಿಮಿಷ ಮಲಗಿಯೇ ನೋಡಬೇಕು, ಶಾಖ ಕೂಡುವುದಕ್ಕೆ ಅಷ್ಟು ಹೊತ್ತು ಬೇಕು.

ಸುರುಕಿನ ದಾರದ ಸರದಿ ಕೊನೆಗೆ. ಅಂಚು ಬಟ್ಟೆಗೆ ತಾಗಿ ಗಾಳಿ ನುಗ್ಗುವುದು ನಿಂತರೆ ಸಾಕು. ಇನ್ನೂ ಎಳೆದರೆ ಕ್ವಿಲ್ಟ್‌ನ ಅಗಲ ಕಡಿಮೆಯಾಗಿ ಭುಜ ಹೊರಗುಳಿಯುತ್ತದೆ.

ನಡುರಾತ್ರಿ ಮತ್ತೆ ಚಳಿ ಬಂದರೆ ಮೊದಲು ಅಂಚುಗಳನ್ನು ತಡವಿ ನೋಡಿ, ಹೊರಳಾಡುವಾಗ ಕ್ವಿಲ್ಟ್ ಸರಿದಿರುವುದೇ ಹೆಚ್ಚು. ಸರಿದಿಲ್ಲವೆಂದರೆ ಎಲಾಸ್ಟಿಕ್ ನೋಡಿ. ಹಳೆಯದಾದಂತೆ ಅದು ಜೋತುಬೀಳುತ್ತದೆ. ಎಳೆದು ಬಿಟ್ಟರೆ ಹಿಂದಿನ ಉದ್ದಕ್ಕೆ ಮರಳದಿದ್ದರೆ ಅಷ್ಟೇ ದಪ್ಪದ ಹೊಸದು ಹಾಕಿ. ಸರಿಹೊಂದಿದ ಮೇಲೆ ಕಾರ್ಡ್‌ಲಾಕ್ ನಿಂತ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಹಾಕಿಡಿ.